ಸರ್ಕಾರದ ಪರೀಕ್ಷೆ, ಒಂದನೇ ತರಗತಿಯ ರಕ್ತ

ಆನೆಕಾಲು ರೋಗದ ಜಂತುವಿನಷ್ಟು ಸಮಯಪಾಲನೆ ಯಾವ ಇಲಾಖೆಗೂ ಇಲ್ಲ. ಅದರ ಮರಿಗಳು ಹಗಲೆಲ್ಲ ದೇಹದೊಳಗೆ ಅಡಗಿದ್ದು, ರಾತ್ರಿ ಹತ್ತರಿಂದ ಎರಡರ ನಡುವೆ, ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆ ಊಟಕ್ಕೆ ಕೂರುವ ಹೊತ್ತಿಗೆ ಸರಿಯಾಗಿ, ಚರ್ಮದಂಚಿನ ರಕ್ತಕ್ಕೆ ಬರುತ್ತವೆ. ಅವುಗಳನ್ನು ಹಿಡಿಯಲು ಆರೋಗ್ಯ ಸಿಬ್ಬಂದಿ ನಡುರಾತ್ರಿ ಸೂಜಿ, ಗಾಜಿನ ಪಟ್ಟಿ ಹಿಡಿದು ಮನೆ ಬಾಗಿಲು ತಟ್ಟಬೇಕು. ನಾಯಿಗಳು ಬೊಗಳುತ್ತವೆ, ನಿದ್ದೆಗೆಟ್ಟ ಯಜಮಾನರೂ ಬೊಗಳುತ್ತಾರೆ.

ಸರ್ಕಾರದ ಸಮಯವೇ ಬೇರೆ. 2002ರ ರಾಷ್ಟ್ರೀಯ ಆರೋಗ್ಯ ನೀತಿ ಈ ರೋಗಕ್ಕೆ 2015ರ ಗಡುವು ಕೊಟ್ಟಿತ್ತು. ರೋಗ ಕದಲಲಿಲ್ಲ. 2017ರ ಬಜೆಟ್ ಭಾಷಣದಲ್ಲಿ ಅದೇ ವರ್ಷದೊಳಗೆ ಹೊರಡಬೇಕೆಂದು ನೋಟಿಸಾಯಿತು. ಈಗಿನ ಗಡುವು 2027. ಜಗತ್ತಿನ ಗುರಿಯಾದ 2030ಕ್ಕಿಂತ 3 ವರ್ಷ ಮೊದಲೇ ಎಂಬ ಹೆಮ್ಮೆ ಬೇರೆ. 12 ವರ್ಷ ತಡವಾದದ್ದನ್ನು 3 ವರ್ಷ ಮುಂಚೆ ಎಂದು ತೋರಿಸಬಲ್ಲ ಲೆಕ್ಕಿಗರಿಗೆ ನಮೋ ನಮಃ. ದೊಡ್ಡ ಜಂತುವಿನ ಆಯಸ್ಸು 6ರಿಂದ 8 ವರ್ಷ. ಒಂದು ಸರ್ಕಾರ ಇಳಿದು ಇನ್ನೊಂದು ಏರುವುದನ್ನು ಅದು ಕುಳಿತಲ್ಲಿಂದಲೇ ನೋಡುತ್ತದೆ.

ಕಲಬುರಗಿ, ಯಾದಗಿರಿ, ರಾಯಚೂರಿನ ಕಡೆ ಆಶಾ ಕಾರ್ಯಕರ್ತೆ ಈ ಜಂತುವಿನ ಮರಿಗಳನ್ನು ಕೊಲ್ಲುವ ಡಿಇಸಿ ಮಾತ್ರೆ ತಂದು ತನ್ನೆದುರೇ ನುಂಗಬೇಕೆನ್ನುತ್ತಾಳೆ. 'ಊಟ ಆದ ಮೇಲೆ ತಗೊಳ್ತೀನಿ ಬಿಡಮ್ಮ' ಎಂದು ಯಜಮಾನರು ಜೇಬಿಗಿಳಿಸುತ್ತಾರೆ. ಗುರಿ ಮುಟ್ಟಬೇಕಾದ ಲೆಕ್ಕದ ಪುಸ್ತಕ ಮಾತ್ರ ಎಲ್ಲರ ಪರವಾಗಿ ನುಂಗಿ ನೀರು ಕುಡಿಯುತ್ತದೆ.

ಇಷ್ಟೆಲ್ಲ ಆದ ಮೇಲೆ ರೋಗ ಹರಡುವುದು ನಿಂತಿದೆಯೇ ಎಂದು ತಿಳಿಯಲು ಪರೀಕ್ಷೆಗೆ ಕೂರಿಸುವುದು ಯಾರನ್ನು? ಆರೋ ಏಳೋ ವರ್ಷದ ಮಕ್ಕಳನ್ನು. ಬೆರಳು ಚುಚ್ಚಿ, ಹಗಲಲ್ಲೂ ಜಂತುವಿನ ಸುಳಿವು ಹಿಡಿಯುವ ಪರೀಕ್ಷಾ ಪಟ್ಟಿಗೆ ಹನಿ ರಕ್ತ ಬಿಟ್ಟು, ಹತ್ತು ನಿಮಿಷ ಕಾದರೆ ಫಲಿತಾಂಶ. ತರ್ಕ ಸರಿಯೇ: ಮಾತ್ರೆ ಹಂಚಲು ಶುರುವಾದ ಮೇಲೆ ಹುಟ್ಟಿದ ಮಗುವಿನಲ್ಲೂ ಜಂತುವಿನ ಸುಳಿವಿದ್ದರೆ ಸೊಳ್ಳೆಯ ವ್ಯಾಪಾರ ನಡೆದೇ ಇದೆ ಎಂದರ್ಥ. ಆದರೆ ಶಾಲೆಯಲ್ಲಿ ಹೆಚ್ಚಾಗಿ ಸಿಗುವುದು ಹಾಜರಿದ್ದ ಬೆರಳುಗಳೇ. ಅಪ್ಪ ಅಮ್ಮನ ಜೊತೆ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋದ ಮಗುವಿನ ರಕ್ತ ಯಾವ ತಾಲ್ಲೂಕಿನ ಲೆಕ್ಕಕ್ಕೆ?

ಶಾಲೆಯ ಹಿಂದಿನ ಚರಂಡಿಗೆ ಮಾತ್ರ ಯಾವ ಪರೀಕ್ಷೆಯೂ ಇಲ್ಲ. ಅದು ಪಂಚಾಯಿತಿಯದು, ಸೊಳ್ಳೆ ಆರೋಗ್ಯ ಇಲಾಖೆಯದು, ಬೆರಳು ಶಿಕ್ಷಣ ಇಲಾಖೆಯದು. ಮಕ್ಕಳ ಪರೀಕ್ಷೆ ಫೇಲಾದರೆ ಊರಿಗೆಲ್ಲ ಇನ್ನೆರಡು ಸುತ್ತು ಮಾತ್ರೆ, ಆಮೇಲೆ ಮರುಪರೀಕ್ಷೆ. 2027ರಲ್ಲಿ ಬೆರಳು ಚಾಚಲಿರುವ ಮಕ್ಕಳು 2017ರ ಗಡುವು ಮುಗಿದ ಮೇಲೆ ಹುಟ್ಟಿದವರು. ಅವರ ನಂತರದ ಬ್ಯಾಚ್ ಈಗಾಗಲೇ ಅಂಗನವಾಡಿಗೆ ಬಂದಿದೆ.