ಸ್ಪಷ್ಟನೆ: ಕ್ಲಾರಿನೆಟ್ ಮೌತ್‌ಪೀಸ್ ಬದಲಿಸಿದರೆ ಶ್ರುತಿಯೂ ಬದಲಾಗುತ್ತದೆ

ತುಮಕೂರಿನ ಬ್ಯಾಂಡ್‌ಸೆಟ್ ಗೆಳೆಯರ ನಡುವೆ ಒಂದು ಮಾತು ಓಡಾಡುತ್ತಿದೆ: "ಕ್ಲಾರಿನೆಟ್ ಮೌತ್‌ಪೀಸ್‌ನಿಂದ (ಬಾಯಲ್ಲಿಟ್ಟು ಊದುವ ತುದಿ) ನಾದ ಮಾತ್ರ ಬದಲಾಗುತ್ತದೆ, ಶ್ರುತಿ ಅಲ್ಲ. ಶ್ರುತಿ ಏರಿದರೆ ಬ್ಯಾರಲ್ (ಮೌತ್‌ಪೀಸ್ ಕೆಳಗಿನ ಗಿಡ್ಡ ತುಂಡು) ತುಸು ಹೊರಗೆ ಎಳೆದರೆ ಸಾಕು." ಇದು ಸರಿಯಲ್ಲ.

ಮೌತ್‌ಪೀಸ್ ಒಳಗಿನ ಟೊಳ್ಳು ಕೂಡ ವಾದ್ಯದ ಕೊಳವೆಯ ಭಾಗವೇ. ಅದು ದೊಡ್ಡದಾದರೆ ಶ್ರುತಿ ಇಳಿಯುತ್ತದೆ, ಚಿಕ್ಕದಾದರೆ ಏರುತ್ತದೆ. ಅದೂ ಎಲ್ಲ ಸ್ವರಕ್ಕೂ ಒಂದೇ ಸಮ ಅಲ್ಲ. ಬೆರಳೆಲ್ಲ ಎತ್ತಿ ನುಡಿಸುವ ಸ್ವರ ತೆಗೆದುಕೊಳ್ಳಿ. ಆಗ ಕೊಳವೆ ಗಿಡ್ಡ, ಹಾಗಾಗಿ ವ್ಯತ್ಯಾಸ ಜಾಸ್ತಿ ಕೇಳುತ್ತದೆ. ಎಲ್ಲ ತೂತು ಮುಚ್ಚಿದಾಗ ಅಷ್ಟು ಗೊತ್ತಾಗುವುದಿಲ್ಲ. ಬ್ಯಾರಲ್ ಎಳೆದಾಗಲೂ ಹೀಗೇ: ಒಂದು ಸ್ವರ ಸರಿಹೋಯಿತು ಅನ್ನುವಾಗ ಇನ್ನೊಂದು ಕೈಕೊಡುತ್ತದೆ.

ವ್ಯಾಂಡೊರೆನ್ ಕಂಪನಿ ತನ್ನ '13 ಸರಣಿ' ಎಂಬ ಹೆಸರಿನ ಮೌತ್‌ಪೀಸ್‌ಗಳನ್ನು 440 ಹರ್ಟ್ಸ್ ಶ್ರುತಿಗೆ, ಮಾಮೂಲಿ ಸರಣಿಯನ್ನು ಅದಕ್ಕಿಂತ ತುಸು ಏರಿದ 442ಕ್ಕೆ ಮಾಡುತ್ತದೆ. ಸಂಬಂಧವೇ ಇಲ್ಲದಿದ್ದರೆ ಎರಡು ಬಗೆ ಯಾಕೆ ಬೇಕಿತ್ತು, ಅಲ್ವಾ?

ಹೊಸದು ಕೊಳ್ಳುವ ಮುಂಚೆ ನಿಮ್ಮ ರೀಡನ್ನೇ (ಮೌತ್‌ಪೀಸ್‌ಗೆ ಕಟ್ಟುವ ತೆಳು ಪಟ್ಟಿ) ಹಾಕಿ, ಶ್ರುತಿ ತೋರಿಸುವ ಟ್ಯೂನರ್ ಇಟ್ಟು, ಬೆರಳೆಲ್ಲ ಎತ್ತಿದ ಸ್ವರ, ಎಲ್ಲ ತೂತು ಮುಚ್ಚಿದ ಸ್ವರ ಎರಡನ್ನೂ ನುಡಿಸಿ ನೋಡಿ. ವಾದ್ಯ ಬೆಚ್ಚಗಾಗಿರಲಿ. ತಣ್ಣಗಿದ್ದರೆ ಶ್ರುತಿ ಇಳಿದೇ ಇರುತ್ತದೆ, ಆಗ ಸುಮ್ನೆ ಮೌತ್‌ಪೀಸ್ ಮೇಲೆ ತಪ್ಪು ಹೊರಿಸಬೇಡಿ.