ಎರಡು ಲೀಟರ್ ನೀರು, ಒಂದು ಈಡು

ಮಲೆನಾಡಿನಲ್ಲಿ ಯಾರ ಮನೆ ಅಂಗಳಕ್ಕೆ ಕಾಲಿಟ್ಟರೂ ಸರಿ, ಚಪ್ಪಲಿ ಬಿಡುವ ಮೊದಲೇ ಒಳಗಿಂದ "ಆಸ್ರಿಗೆ ಎಂತ ಕೊಡ್ಲಿ?" ಅಂತ ದನಿ ಬರುತ್ತದೆ. ಬೆಲ್ಲದ ಚೂರು, ಒಂದು ಚೊಂಬು ನೀರು ಎದುರಿಗೆ ಬಂದು ಕೂರುತ್ತದೆ. ಅಂಥ ಊರಲ್ಲಿ ಹುಟ್ಟಿ, ನೀರು ಹೊತ್ತು ಓಡುವ ಚೀಲಕ್ಕೆ ಮೂರೂವರೆ ಸಾವಿರ ರೂಪಾಯಿ ಕೊಟ್ಟವನು ನಾನು. ಅಕ್ಕನಿಗೆ ಮಾತ್ರ ಎಂಟುನೂರು ಅಂದಿದ್ದೇನೆ. ಅದಕ್ಕೇ ಎರಡು ದಿನ ಬೈದಳು.

ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ಸುಮ್ನೆ ಸುತ್ತು ಹಾಕಿಕೊಂಡಿದ್ದವನಿಗೆ ನಲವತ್ತೈದನೇ ವಯಸ್ಸಿನಲ್ಲಿ ಕಾಡುದಾರಿ ಓಟದ ಹುಚ್ಚು ಹತ್ತಿತು. ನಿಟ್ಟೂರಿನಿಂದ ಕೊಡಚಾದ್ರಿ ತುದಿ ಮುಟ್ಟಿ ಇಳಿಯಬೇಕು ಅನ್ನೋದು ಗುರಿ. 1343 ಮೀಟರ್ ಎತ್ತರ, ಜೀಪೇ ಏದುಸಿರು ಬಿಡುವ ದಾರಿ. ಅಲ್ಲಿ ಬೆಲ್ಲ-ನೀರು ಹಿಡಿದು ನಿಲ್ಲುವವರು ಯಾರಿದ್ದಾರೆ? ನಮ್ಮ ನೀರು ನಾವೇ ಹೊರಬೇಕು.

ಮೊದಲು ಕೈಯಲ್ಲೇ ಬಾಟ್ಲಿ ಹಿಡಿದು ಓಡಿದೆ. ಬೆಳಗಿನ ಜಾವ ನೀರಿನ ಬಾಟ್ಲಿ ಹಿಡಿದು ಪೊದೆಗಳ ಕಡೆ ಓಡುವವನನ್ನು ಕಂಡರೆ ಜನ ಏನಂದುಕೊಳ್ಳುತ್ತಾರೆ ಅನ್ನೋದು ಹೊಳೆಯಲೇ ಇಲ್ಲ. ಸಕ್ರೆಬೈಲಿನ ದಾರಿಯಲ್ಲಿ ಒಬ್ಬ ಹಿರಿಯರು ಪಕ್ಕಕ್ಕೆ ಸರಿದು, "ಹೋಗಿ ಹೋಗಿ, ತಡೀಬೇಡಿ" ಅಂದರು. ಆಮೇಲೆ ಸೊಂಟಕ್ಕೆ ಕಟ್ಟುವ ಬೆಲ್ಟ್ ತಂದೆ. ನನ್ನ ಸೊಂಟ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅನ್ನೋದು ಬೆಲ್ಟಿಗೂ ತಿಳಿಯಲಿಲ್ಲ. ಒಮ್ಮೆ ಹೊಟ್ಟೆ ಮೇಲೆ, ಒಮ್ಮೆ ತೊಡೆ ಮೇಲೆ ಬರುತ್ತಿತ್ತು.

ಕೊನೆಗೆ ಬೆಂಗಳೂರಿನ ಅಂಗಡಿಗೆ ಫೋನ್ ಮಾಡಿದೆ. ಬೆನ್ನ ಚೀಲದೊಳಗೆ ಇರುವ ಮೆತ್ತನೆ ನೀರಿನ ಚೀಲಕ್ಕೆ ಬ್ಲಾಡರ್ ಅಂತಾರೆ. "ನಂಗೆ ಎರಡು ಲೀಟರ್ ಬ್ಲಾಡರ್ ಸಾಕಾಗುತ್ತಾ? ಈಗಿರೋದು ಸೋರುತ್ತೆ" ಅಂತ ಜೋರಾಗಿ ಕೇಳುತ್ತಿದ್ದಾಗ ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. ಫೋನ್ ಇಟ್ಟ ಮೇಲೆ ಮೆಲ್ಲಗೆ, "ಯಾವ ಡಾಕ್ಟ್ರು?" ಅಂದಳು.

ಅಂಗಡಿ ಹುಡುಗ ಒಳ್ಳೆಯವನು. ಅಂಗಿ ಸೈಜು ನೋಡಬೇಡಿ, ಎದೆ ಸುತ್ತಳತೆ ತೆಗೀರಿ ಸರ್, ಸಡಿಲ ಇದ್ರೆ ಕುಣಿಯುತ್ತೆ ಅಂದಿದ್ದ. ಹೆಂಡತಿ ಟೇಪು ಹಿಡಿದಳು. ಇಪ್ಪತ್ತು ವರ್ಷದಲ್ಲಿ ಅವಳು ನನ್ನ ಎದೆ ಅಳೆದದ್ದು ಅದೇ ಮೊದಲು. ಬಿಡಲಾದೀತೇ? ಉಸಿರು ಎಳೆದು ನಿಂತೆ. 42 ಬಂತು. ಚೀಲ ಬಂದ ಮೇಲೆ ಉಸಿರು ಬಿಟ್ಟು ಅಳೆದರೆ 39. ಆ ಮೂರು ಇಂಚಿನ ಜಂಬ ಬೆನ್ನ ಮೇಲೆ ಎಷ್ಟು ಕುಣಿಯಿತು ಅಂತೀರಿ! ಒಂದು ಲೀಟರ್ ನೀರು ಅಂದ್ರೆ ಒಂದು ಕೆಜಿ. ಎರಡು ಕೆಜಿ ಕೂಸು ಬೆನ್ನಿಗೆ ಕೂತು ಹೆಜ್ಜೆಗೊಂದು ಗುದ್ದು ಕೊಟ್ಟ ಹಾಗೆ. ಮೇಲಿಂದ ಗುಳುಕ್ ಗುಳುಕ್ ಸದ್ದು ಬೇರೆ. ಆ ಸದ್ದಿಗೆ ಬೀದಿಯ ನಾಯಿಗಳೆಲ್ಲ ಹಿಂದೆ ಬಿದ್ದವು. ಅವತ್ತಿನಷ್ಟು ವೇಗವಾಗಿ ನಾನು ಇನ್ನೊಮ್ಮೆ ಓಡಿಲ್ಲ.

ಸದ್ದು ನಿಲ್ಲಿಸುವುದು ಸುಲಭ ಅಂತ ಆಮೇಲೆ ಗೊತ್ತಾಯ್ತು. ನೀರು ತುಂಬಿ, ಚೀಲ ತಲೆಕೆಳಗು ಮಾಡಿ, ಒಳಗಿನ ಗಾಳಿಯನ್ನೆಲ್ಲ ಕೊಳವೆಯಿಂದ ಹೀರಿ ತೆಗೀಬೇಕು. ಗಾಳಿ ಇಲ್ಲದಿದ್ದರೆ ನೀರಿಗೆ ಕುಲುಕಾಡಲು ಜಾಗವೇ ಇರಲ್ಲ. ಪಟ್ಟಿಗಳನ್ನೂ ಖಾಲಿ ಚೀಲ ಹಾಕಿಕೊಂಡು ಬಿಗಿ ಮಾಡಿದರೆ ಆಗಲ್ಲ, ನೀರು ತುಂಬಿದ ಮೇಲೇ ಮಾಡಬೇಕು.

ಇಷ್ಟೆಲ್ಲ ಕಲಿತು, ಅಕ್ಟೋಬರಿನಲ್ಲಿ ಮಳೆ ತುಸು ಹೊಳವಾದಾಗ ಹೊಸನಗರ ತಾಲ್ಲೂಕಿನ ನಗರ ಅನ್ನೋ ಊರಿನ ಹತ್ತಿರ ಅಕ್ಕನ ಮನೆಗೆ ಹೋದೆ. ಬೆಳಿಗ್ಗೆ ಎದ್ದು ಚೀಲ ಬೆನ್ನಿಗೇರಿಸಿ, ಕೊಳವೆ ಭುಜದ ಮೇಲಿಂದ ಎಳೆದು ಅಂಗಳಕ್ಕಿಳಿದೆ. ಭಾವ ಹಲ್ಲುಜ್ಜುತ್ತಾ ನಿಂತಿದ್ದರು. ಬುರುಗು ಉಗುಳಿ ನೋಡಿದರು.

"ಎಂತದಾ ಅದು, ಔಷಧಿ ಕ್ಯಾನಾ? ಒಳ್ಳೆದಾಯ್ತು ಮಾರಾಯ. ಈ ಸಲ ಅಡಿಕೆಗೆ ಕೊಳೆ ರೋಗ ಜಾಸ್ತಿ. ಮೂರನೇ ಸಲ ಔಷಧಿ ಹೊಡೆಯಕ್ಕೆ ಆಳೇ ಸಿಕ್ಕಿಲ್ಲ."

"ಔಷಧಿ ಅಲ್ಲ ಭಾವ. ನೀರು. ಓಡ್ತಾ ಕುಡಿಯಕ್ಕೆ."

"ಎಷ್ಟು ಹಿಡಿಯುತ್ತೆ?"

"ಎರಡು ಲೀಟರ್."

ಭಾವ ಮನಸ್ಸಲ್ಲೇ ಲೆಕ್ಕ ಹಾಕಿದರು. "ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ನಿಂದಕ್ಕೆ 20 ಗ್ರಾಂ ಸಾಕು. ಒಂದು ಮರಕ್ಕೆ ಆಗುತ್ತೆ."

ಅಷ್ಟರಲ್ಲಿ ಅಕ್ಕ ಹೊರಗೆ ಬಂದಳು. ಅವಳ ಚಿಂತೆ ಬೇರೆ. "ಬರೀ ನೀರು ಕುಡ್ಕಂಡು ಎಷ್ಟು ದೂರ ಓಡ್ತೀಯಾ? ತಲೆ ತಿರುಗಿ ಬೀಳ್ತೀಯ." ಚೀಲ ಕಿತ್ತುಕೊಂಡು ಒಳಗೆ ಹೋದಳು. ಬೇಸಿಗೆಯಲ್ಲಿ ಮಾಡಿಟ್ಟ ಮುರುಗಲ (ಪುನರ್ಪುಳಿ) ಹಣ್ಣಿನ ಕಡುಕೆಂಪು ಪಾಕ, ಉಪ್ಪು, ಜೀರಿಗೆ ಪುಡಿ ಎಲ್ಲ ಕದಡಿ ತುಂಬಿ ತಂದಳು. ಲೆಕ್ಕಕ್ಕೆ ಅಕ್ಕ ಹೇಳಿದ್ದು ಸರಿಯೇ. ಗಂಟೆಗಟ್ಟಲೆ ಬೆವರು ಸುರಿಸಿ ಬರೀ ನೀರನ್ನೇ ಹೊಟ್ಟೆ ತುಂಬ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತೊಂದರೆ ಆಗುತ್ತದೆ. ಉಪ್ಪು, ಸಿಹಿ ಎರಡೂ ಬೇಕು. ಅಕ್ಕ ಇದನ್ನೆಲ್ಲ ಓದಿಲ್ಲ. ತಮ್ಮನ ಮುಖ ನೋಡಿ ಹೇಳಿದಳು ಅಷ್ಟೇ. ಆದರೆ ತುಂಬಿದ ಮೇಲೆ ಮುಚ್ಚಳವನ್ನು ಓರೆಯಾಗಿ ತಿರುಗಿಸಿದ್ದಳು. ನಾನೂ ನೋಡಲಿಲ್ಲ.

ಹಾಕಿಕೊಂಡದ್ದು ಬಿಳಿ ಅಂಗಿ. ಮೂರು ಕಿಲೋಮೀಟರ್ ಆಗುವಾಗ ಬೆನ್ನು ತಣ್ಣಗಾಯ್ತು. ಬೆವರು ಅಂದುಕೊಂಡೆ. ಐದಕ್ಕೆ ಚಡ್ಡಿಯೂ ಒದ್ದೆ. ಎಷ್ಟು ಚೆನ್ನಾಗಿ ಬೆವರುತ್ತಿದ್ದೇನೆ ಅಂತ ಹೆಮ್ಮೆಯೇ ಆಯ್ತು. ಕಾಡಿನ ದಾರಿ ಮುಗಿದು ರಸ್ತೆ ಕೂಡುವಲ್ಲಿ ಒಂದು ಚಿಕ್ಕ ಅಂಗಡಿ ಇದೆ. ಅಲ್ಲಿ ನಿಂತು, ಮಂಡಿ ಹಿಡಿದು ಬಗ್ಗಿದೆ. ಬೆನ್ನು ಅಂಗಡಿಯ ಕಡೆಗಿತ್ತು.

"ಅಯ್ಯಯ್ಯೋ! ಈಡು ಬಿದ್ದೈತೆ ಕಣ್ರೋ!"

ಅಂಗಡಿಯ ಹೆಂಗಸು ಕಿರುಚಿದ ರೀತಿಗೆ ನನಗೇ ಗುಂಡು ಬಿದ್ದ ಹಾಗಾಯ್ತು. ಚಹಾ ಕುಡಿಯುತ್ತಿದ್ದ ನಾಲ್ಕೈದು ಜನ ಓಡಿ ಬಂದರು. "ಹಂದಿ ಅಂದ್ಕಂಡು ಹೊಡ್ದಿರ್ಬೇಕು." "ಯಾರ ಕೋವಿ?" "ಕೂರ್ಸಿ, ಕೂರ್ಸಿ ಅವ್ರನ್ನ." ಒಬ್ಬ ಬೈಕು ಸ್ಟಾರ್ಟ್ ಮಾಡಿಯೇ ಬಿಟ್ಟ. ನಾನು ಮುರುಗಲು ಅಂತ ಹೇಳಬೇಕು. ಉಸಿರೇ ಇಲ್ಲ. "ಮುರು... ಮುರು..." ಅಂತಷ್ಟೇ ಬಂತು.

"ಮೂಳೆ ಮುರ್ದೈತಂತೆ!"

ಅಷ್ಟು ಜನರಲ್ಲಿ ಬುದ್ಧಿ ಇದ್ದದ್ದು ಒಬ್ಬ ಅಜ್ಜನಿಗೆ. ನಿಧಾನಕ್ಕೆ ಬಂದು, ನನ್ನ ಅಂಗಿಗೆ ಬೆರಳು ಒತ್ತಿ, ಮೂಸಿ ನೋಡಿದ. ಆಮೇಲೆ ನಾಲಿಗೆಗೆ ಮುಟ್ಟಿಸಿದ. ಎಲ್ಲರೂ ಉಸಿರು ಹಿಡಿದು ನಿಂತರು. ಅಜ್ಜ ಚಪ್ಪರಿಸಿ ಹೇಳಿದ, "ಜೀರಿಗೆ ಹಾಕಿದಾರೆ. ಸಿಹಿ ಒಂಚೂರು ಜಾಸ್ತಿ ಆಯ್ತು."

ಬೈಕಿನವನಿಗೆ ನಿರಾಸೆ ಆದದ್ದು ಮುಖದಲ್ಲೇ ಕಾಣುತ್ತಿತ್ತು. ಈ ಗಲಾಟೆಯಲ್ಲಿ ನನ್ನ ಕಾಲಿಗೆ ಹತ್ತಿದ್ದ ಎರಡು ಉಂಬಳ ನಿಜವಾದ ರಕ್ತವನ್ನೇ ಕುಡಿಯುತ್ತಿದ್ದವು. ಅದನ್ನು ಯಾರೂ ಕೇಳಲಿಲ್ಲ.

ಬ್ಲಾಡರಿಗೆ ನೀರು ಬಿಟ್ಟು ಬೇರೇನೂ ಹಾಕಬಾರದು ಅಂತ ಅದರ ಜೊತೆ ಬಂದ ಚೀಟಿಯಲ್ಲೇ ಇತ್ತು. ಸಿಹಿ ಉಳಿದರೆ ಕೊಳವೆಯೊಳಗೆ ಬೂಸ್ಟು ಹಿಡಿಯುತ್ತದೆ. ಶಿವಮೊಗ್ಗಕ್ಕೆ ಬಂದು ಬಿಸಿನೀರಿಗೆ ಅಡಿಗೆ ಸೋಡ ಹಾಕಿ ತೊಳೆದೆ. ಬಣ್ಣ ಪೂರ್ತಿ ಹೋಗಲಿಲ್ಲ. ಒಣಗಲಿ ಅಂತ ಹೊರಗಿನ ಕೋಣೆಯ ಕಿಟಕಿಗೆ ತೂಗುಹಾಕಿ, ಅದರ ಕೆಳಗಿನ ಮಂಚದಲ್ಲೇ ಮಲಗಿದೆ. ಮಧ್ಯಾಹ್ನ ಕಣ್ಣು ಬಿಟ್ಟರೆ ಪಕ್ಕದ ಮನೆಯವರು ಬ್ರೆಡ್ಡು, ಮೂಸಂಬಿ ಹಿಡಿದು ನಿಂತಿದ್ದಾರೆ. "ಮನೇಲೇ ರಕ್ತ ಕೊಡ್ತಿದಾರಾ? ನಮಗೆ ಒಂದು ಮಾತು ಹೇಳಬಾರದಿತ್ತಾ?"

ಅವರ ತಪ್ಪೇನೂ ಇಲ್ಲ. ಈ ಚೀಲ ಹುಟ್ಟಿದ್ದೇ ಹಾಗೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಸುಡುಬಿಸಿಲಿನ ನೂರು ಮೈಲಿ ಸೈಕಲ್ ಸವಾರಿ. ಮೈಕೆಲ್ ಐಡ್ಸನ್ ಅನ್ನುವವನು ಡ್ರಿಪ್ ಹಾಕುವ ಚೀಲಕ್ಕೆ ನೀರು ತುಂಬಿ, ಅದನ್ನು ಕಾಲುಚೀಲದೊಳಗೆ ತೂರಿಸಿ, ಅಂಗಿಯ ಬೆನ್ನಿಗೆ ಸಿಕ್ಕಿಸಿಕೊಂಡ. ಕೊಳವೆಯ ಬಾಯಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು. ಅದೇ ಮುಂದೆ ಕ್ಯಾಮೆಲ್‌ಬ್ಯಾಕ್ ಕಂಪನಿ ಆಯ್ತು. ಇದನ್ನೆಲ್ಲ ಪಕ್ಕದ ಮನೆಯವರಿಗೆ ವಿವರಿಸಿದೆ. ಅವರು ಹೂಂ ಹೂಂ ಅಂದು, ಹೋಗುವಾಗ ಹೆಂಡತಿಗೆ ಮೆಲ್ಲಗೆ "ಜ್ವರ ನೆತ್ತಿಗೇರಿದೆ" ಅಂದರಂತೆ.

ಈಗ ಬೇರೆ ಚೀಲ ತಂದಿದ್ದೇನೆ. ಉಸಿರು ಬಿಟ್ಟು ಅಳತೆ ಕೊಟ್ಟೆ. ಜಾಕೀಟಿನ ಹಾಗೆ ಮೈಗೆ ಅಂಟಿ ಕೂರುತ್ತದೆ. ಎದೆಯ ಮೇಲೆ ಅರ್ಧ ಅರ್ಧ ಲೀಟರಿನ ಎರಡು ಮೆತ್ತನೆ ಬಾಟ್ಲಿ. ಕುಡಿದ ಹಾಗೆ ಕುಗ್ಗುತ್ತವೆ, ಸದ್ದಿಲ್ಲ. ಎಷ್ಟು ಉಳಿದಿದೆ ಅಂತ ಕಣ್ಣಿಗೆ ಕಾಣುತ್ತದೆ. ಸೋರಿದರೂ ನನಗೇ ಮೊದಲು ತಿಳಿಯುತ್ತದೆ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಉಪ್ಪು ಹಾಕಿದ ಪಾನಕ. ಗಂಟೆಗೆ ಸುಮಾರು ಅರ್ಧ ಲೀಟರ್ ನನಗೆ ಸಾಕು, ದಾರಿಯಲ್ಲಿ ಝರಿ, ಮನೆ ಸಿಕ್ಕರೆ ತುಂಬಿಕೊಂಡರಾಯ್ತು. ನವೆಂಬರ್ ಕೊನೆಗೆ ಕೊಡಚಾದ್ರಿಯೂ ಆಯ್ತು. ಓಡಿದ್ದೆಷ್ಟು, ನಡೆದಿದ್ದೆಷ್ಟು, ಆ ವಿಷಯ ಬಿಡಿ.

ಹಳೇ ಚೀಲವನ್ನು ಭಾವ ಇಟ್ಟುಕೊಂಡರು. ಔಷಧಿಗೆ ಅಲ್ಲ. ಅಡಿಕೆ ಕೊಯ್ಲಿನ ದಿನ ಹೋದಾಗ ನೋಡಿದೆ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನ ಬೆನ್ನಲ್ಲಿತ್ತು. ನನಗೇ ಸಡಿಲವಾದದ್ದು ಅವನ ಕಡ್ಡಿ ಮೈಗೆ ಹೇಗೆ ಕೂತೀತು? ಒಂದು ತುಂಡು ಹಗ್ಗದಲ್ಲಿ ಬಿಗಿದು ಕಟ್ಟಿದ್ದ. ಒಂದಿಷ್ಟೂ ಕುಣಿಯುತ್ತಿರಲಿಲ್ಲ. ಮರದಿಂದ ಮರಕ್ಕೆ ದಾಟುತ್ತಾ, ನಡುವೆ ಕೊಳವೆ ಕಚ್ಚಿ ಹೀರುತ್ತಾ ಆರಾಮಾಗಿದ್ದ. ನೀರು ಕುಡಿಯೋಕೆ ಅಂತ ಕೆಳಗಿಳಿಯುವ ಕೆಲಸವೇ ಇಲ್ಲ.

"ಅಮ್ಮಾ, ಇನ್ನೂ ಮುರುಗಲ ವಾಸ್ನೆ ಹೊಡೀತೈತಲ್ರೀ!" ಅಂತ ಮೇಲಿಂದ ಕೂಗಿದ.

ಕೆಳಗೆ ಅಡಿಕೆ ಹೆಕ್ಕುತ್ತಿದ್ದ ಅಕ್ಕ ಕತ್ತೆತ್ತಿ ಹೇಳಿದಳು, "ಖಾಲಿ ಆದ್ರೆ ಇಳಿಸು. ಪಾಕ ಇನ್ನೂ ಒಂದು ಬಾಟ್ಲಿ ಇದೆ."