ಬಯಲುಸೀಮೆಗೆ ಅಡಿಕೆ ಬೇಕೇ?

ಪರ

ಚನ್ನಗಿರಿಗೆ ಅಡಿಕೆ ಹೊಸದಲ್ಲ. ಈಗ ಅದು ಹೊಳಲ್ಕೆರೆ, ಹೊಸದುರ್ಗದ ಹೊಲಗಳಿಗೂ ಭದ್ರಾ ನಾಲೆಯ ಗದ್ದೆಗಳಿಗೂ ಇಳಿದಿದೆ. ರೈತನನ್ನು ಬೈಯುವ ಮೊದಲು ಅವನ ಲೆಕ್ಕ ನೋಡಿ. 2024-25ರಲ್ಲಿ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,300 ರೂಪಾಯಿ. ಬೇಯಿಸಿ ಒಣಗಿಸಿದ ಕೆಂಪಡಿಕೆ, ಅಂದರೆ ರಾಶಿ ಅಡಿಕೆ, ಆಗ 40 ಸಾವಿರಕ್ಕಿಂತ ಮೇಲೆ. ಎಕರೆಗೆ ಭತ್ತದ ತೂಕ ಜಾಸ್ತಿ, ನಿಜ. ಆದರೆ ನಾಟಿ, ಗೊಬ್ಬರ, ಕಟಾವಿನ ಬಾಡಿಗೆ ಕಳೆದರೆ ಕೈಗೆ ಉಳಿಯುವುದೆಷ್ಟು?

ಮಲೆನಾಡಿನವರಿಗೆ ಮಳೆಗೆ ಕಾಯಿ ಕೊಳೆತು ಉದುರುವ ಕೊಳೆರೋಗದ ಕಾಟ. ಅದಕ್ಕೆ ಬೋರ್ಡೋ ಔಷಧಿ ಹೊಡೆಯಲು ಮರ ಹತ್ತುವವರೇ ಸಿಗುವುದಿಲ್ಲ. ನಮ್ಮಲ್ಲಿ ಅಷ್ಟು ಮಳೆಯೇ ಇಲ್ಲ, ಹಾಗಾಗಿ ಆ ಖರ್ಚೂ ಇಲ್ಲ. ಡ್ರಿಪ್ ಹಾಕಿದರೆ ಗದ್ದೆಗೆ ನಿಲ್ಲಿಸುವಷ್ಟು ನೀರೂ ಬೇಡ. ಮರದ ಮೇಲಿನ ಫಸಲನ್ನೇ ಗುತ್ತಿಗೆ ಹಿಡಿಯುವ ಖೇಣಿದಾರ ತೋಟ ನೋಡಿಯೇ ಮುಂಗಡ ಕೊಡುತ್ತಾನೆ. ಸುಗ್ಗಿಯಲ್ಲಿ ಸುಲಿಯುವ, ಬೇಯಿಸುವ, ಒಣಗಿಸುವ ಕೆಲಸ ಊರಲ್ಲೇ ಸಿಗುತ್ತದೆ. ಬೆಂಗಳೂರಿನ ಬಸ್ಸು ಹತ್ತುವುದು ಅಷ್ಟು ತಿಂಗಳಾದರೂ ತಪ್ಪುತ್ತದೆ, ಅಲ್ವಾ?

ವಿರೋಧ

ಲೆಕ್ಕ ಸರಿ. ಆದರೆ ಅದು ನೀರಿದ್ದ ವರ್ಷದ ಲೆಕ್ಕ. 2023ರಲ್ಲಿ ಮಳೆ ಕೈಕೊಟ್ಟಿತು. 2024ರ ಬೇಸಿಗೆಯಲ್ಲಿ ಚನ್ನಗಿರಿ ಕಡೆ ಟ್ಯಾಂಕರ್‌ನಲ್ಲಿ ನೀರು ತಂದು ಮರ ಉಳಿಸಿಕೊಂಡರು. ಭತ್ತವಾಗಿದ್ದರೆ ಒಂದು ಬೆಳೆ ಬಿಟ್ಟು ಸುಮ್ನೆ ಕೂರಬಹುದಿತ್ತು. ಅಡಿಕೆ ಮರ ಒಣಗಿದರೆ ಮತ್ತೆ ಸಸಿ ನೆಟ್ಟು ಐದಾರು ವರ್ಷ ಕಾಯಬೇಕು. ಅದೇ ಭಯಕ್ಕೆ ಇನ್ನೊಂದು ಬೋರು, ಮತ್ತೊಂದು ಬೋರು. ಆಳಕ್ಕೆ ಕೊರೆಸುವ ದುಡ್ಡಿದ್ದವನಿಗೆ ನೀರು ಸಿಗುತ್ತದೆ. ಪಕ್ಕದ ಎರಡೆಕರೆಯವನ ಬೋರು ಬತ್ತುತ್ತದೆ.

ಬೆಲೆಯನ್ನೂ ಅಷ್ಟಾಗಿ ನಂಬುವಂತಿಲ್ಲ. 2014ರಲ್ಲಿ ಗಗನಕ್ಕೇರಿದ್ದ ಕೆಂಪಡಿಕೆ 2016ರ ಹೊತ್ತಿಗೆ ಅದರ ಅರ್ಧಕ್ಕೂ ಕೆಳಗೆ ಬಿದ್ದಿತ್ತು. ಇವತ್ತಿನ ದರ ನಿಂತಿರುವುದರಲ್ಲಿ ದೆಹಲಿಯ ಪಾಲೂ ಇದೆ. ಆಮದು ಅಡಿಕೆಗೆ ಕೆಜಿಗೆ 351 ರೂಪಾಯಿಯ ಕನಿಷ್ಠ ಬೆಲೆಯನ್ನು 2023ರಲ್ಲಿ ನಿಗದಿ ಮಾಡಿದ್ದು ಅಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. (ಅಜ್ಜಿ ಎಲೆಅಡಿಕೆ ಹಾಕಿಕೊಂಡೇ ತೊಂಬತ್ತು ದಾಟಿದಳು ಅನ್ನುವ ಮಾತನ್ನು ನಾನೂ ಕೇಳಿದ್ದೇನೆ.) ಪಾನ್ ಮಸಾಲದ ಮೇಲೆ ನಾಳೆ ಯಾವ ಕಾನೂನು ಬರುತ್ತದೋ, ಅದಕ್ಕೆ ತಕ್ಕಂತೆ ನಮ್ಮ ಹಳ್ಳಿಯ ಅಂಗಡಿಯ ಉದ್ರಿ ಪುಸ್ತಕವೂ ಬದಲಾಗುತ್ತದೆ.

ಇನ್ನು ಯಾರೂ ಲೆಕ್ಕಕ್ಕೆ ಹಿಡಿಯದ್ದು ಮೇವು. ಭತ್ತ ಹೋದರೆ ಹುಲ್ಲು ಹೋಯಿತು. ಮೆಕ್ಕೆಜೋಳ ಹೋದರೆ ದಂಟು ಹೋಯಿತು. ಬರೀ ಅಡಿಕೆ ಹಾಳೆ ಹಾಕಿದರೆ ಎಮ್ಮೆ ಎಷ್ಟು ಹಾಲು ಕೊಟ್ಟೀತು? ಗದ್ದೆಯೆಲ್ಲ ತೋಟವಾದ ಊರಿನವರು ಹುಲ್ಲಿನ ಲೋಡು ಹುಡುಕಿಕೊಂಡು ಬೇರೆ ಊರಿಗೆ ಹೋಗುತ್ತಾರೆ.